ಮೂರಡಿ ಭಾವನ ಚಿಮಣಿ

ನಮ್ಮ ಭಾವನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಲಕೋಟೆಯ ಮೇಲೆ ‘ಮೂರಡಿ ಮೇಸ್ತ್ರಿ’ ಎಂದು ಬರೆದರೆ ಸಾಕು, ಅಂಚೆಯವನು ತಪ್ಪದೆ ಮನೆಗೆ ತಂದುಕೊಡುತ್ತಾನೆ. ಆಳು ಗಿಡ್ಡ, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿಯುತ್ತಾರೆ. ಗಿಡ್ಡ ಎನ್ನುವುದೇನೋ ನಿಜ. ಆದರೆ ಹೆಸರು ಬಂದದ್ದು ಅವರ ಕಸುಬಿನಿಂದ. ನಲವತ್ತು ವರ್ಷ ಚಿಮಣಿ ಕಟ್ಟಿದವರು ಅವರು. ಯಾರ ಮನೆಯ ಅಗ್ಗಿಷ್ಟಿಕೆ ಹೊಗೆ ಕಕ್ಕಿದರೂ ಭಾವನನ್ನು ಕರೆಸುತ್ತಿದ್ದರು. ಅವರು ಬೀದಿಯಲ್ಲೇ ನಿಂತು ಕತ್ತೆತ್ತಿ ಛಾವಣಿ ನೋಡಿ, ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದರು: “ಛಾವಣಿಗಿಂತ ಮೂರಡಿ ಮೇಲೆ. ಹತ್ತಡಿ ಒಳಗೆ ಏನೇ ಇದ್ರೂ ಅದಕ್ಕಿಂತ ಎರಡಡಿ ಮೇಲೆ. ಇಷ್ಟೇ ಕಣ್ರೀ, ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.”

ಬ್ರಹ್ಮವಿದ್ಯೆ ಇಲ್ಲ ಎಂದು ಬಾಯಲ್ಲಿ ಹೇಳಿದರೂ ಬೇರೆ ಯಾರಾದರೂ ಆ ವಿಷಯ ಮಾತಾಡಿದರೆ ಅವರಿಗೆ ಸಹಿಸುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಒಮ್ಮೆ ಶಾಲೆಯ ಮೇಷ್ಟ್ರು ಪುಸ್ತಕ ತಂದು ತೋರಿಸಿ, ‘ನೀವು ಹೇಳಿದ್ದು ಇಲ್ಲಿ ಸ್ವಲ್ಪ ಬೇರೆ ಥರ ಇದೆ’ ಎಂದರು. ಭಾವ ಪುಸ್ತಕವನ್ನು ಮುಟ್ಟಲೂ ಇಲ್ಲ. “ಹಾಗಾದ್ರೆ ಅಗ್ಗಿಷ್ಟಿಕೆಗೆ ಅದನ್ನೇ ಓದಿ ಹೇಳಿ ಮೇಷ್ಟ್ರೇ, ಅದು ಕೇಳುತ್ತೋ ಏನೋ ನೋಡೋಣ” ಎಂದು ಕರಣೆ ತೊಳೆಯಲು ಹೋದರು. ತಪ್ಪು ನನ್ನದು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ, ಅವರನ್ನು ಮದುವೆಯಾದ ನಮ್ಮಕ್ಕನೂ ಕೇಳಿರಲಿಲ್ಲ.

ನನ್ನದು ಹೊಲಿಗೆ ಕೆಲಸ. ಪೇಟೆ ಬೀದಿಯಲ್ಲಿ ಗಡಿಯಾರದ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಮಿಷನ್ನು, ಹಿಂದಿನದರಲ್ಲಿ ನಾನು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದವರಿಗೆ ಅಳತೆಗೆ ಸರಿಹೋಗುವವನು ಸಿಗಲಿಲ್ಲ ಎನ್ನುತ್ತೇನೆ. ನನ್ನ ನಾಲಗೆ ಚುಚ್ಚುತ್ತದೆ ಎಂದು ಭಾವ ನನ್ನನ್ನು ‘ಸೂಜಿ’ ಎಂದೇ ಕರೆಯುವುದು. ನಮ್ಮಿಬ್ಬರಿಗೂ ಮೂವತ್ತೆಂಟು ವರ್ಷದಿಂದ ಎಣ್ಣೆ ಸೀಗೆಕಾಯಿ. ನಡುವೆ ಅಕ್ಕ ಇದ್ದಳು ಅಂತ ಬಾಂಧವ್ಯ ಉಳಿಯಿತು.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಭಾವನ ವಿಷಯದಲ್ಲಿ ಅದು ಅಕ್ಷರಶಃ ಸತ್ಯ. ಅವರ ಪಕ್ಕದ ಮನೆ ಹಲ್ಲಿನ ವೈದ್ಯರದು. ಆ ವೈದ್ಯರು ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸಿದರು. ಗೋಡೆ ಕಟ್ಟಿದ್ದು ಯಾರು? ನಮ್ಮ ಭಾವನೇ. ತಮ್ಮ ಮನೆಯ ಚಿಮಣಿಯಿಂದ ಏಳಡಿ ದೂರದಲ್ಲಿ ನಿಂತು, ಅದಕ್ಕಿಂತ ನಾಲ್ಕು ಅಡಿ ಎಂಟು ಅಂಗುಲ ಎತ್ತರಕ್ಕೆ, ತಮ್ಮ ಕೈಯಾರೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟರು. ಆಮೇಲೆ ಗಾಳಿ ಬೀಸಿದಾಗಲೆಲ್ಲ ಅದು ಆ ಗೋಡೆಗೆ ಬಡಿದು ಕೆಳಕ್ಕೆ ಮಗುಚಿ, ಚಿಮಣಿಯೊಳಗೆ ಇಳಿದು, ಹೊಗೆಯನ್ನು ಮನೆಯೊಳಗೇ ತಳ್ಳುತ್ತಿತ್ತು. ಊರಿಗೆಲ್ಲ ಮೂರಡಿ ಎರಡಡಿ ಎಂದು ಸಾರಿದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. “ಮುಂದಿನ ವಾರ ನಮ್ಮದನ್ನೂ ಏರಿಸ್ತೀನಿ” ಎಂದರು. ಆ ಮುಂದಿನ ವಾರ ಎರಡು ವರ್ಷ ಬರಲಿಲ್ಲ. ಇನ್ನೊಬ್ಬರ ಮನೆಯ ಕೆಲಸ ಬಂದಾಗ ಸ್ವಂತ ಮನೆ ಹಿಂದಕ್ಕೆ ಸರಿಯುತ್ತಿತ್ತು.

ಅಕ್ಕ ಎರಡು ಚಳಿಗಾಲ ಕೆಮ್ಮಿದಳು. ಮೂರನೆಯ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಎದೆಯಲ್ಲಿ ನೀರು ತುಂಬಿ ಹದಿನಾರು ದಿನ ಆಸ್ಪತ್ರೆಯಲ್ಲಿದ್ದಳು. ಬಿಡುಗಡೆ ಮಾಡುವಾಗ ವೈದ್ಯೆ ಭಾವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: “ನೋಡಿ, ಹೊಗೆ ಇವರನ್ನ ಮುಟ್ಟಬಾರದು. ಚಳಿಯೂ ಮುಟ್ಟಬಾರದು. ಇನ್ನೊಂದು ಚಳಿಗಾಲ ಹೀಗೇ ಆದ್ರೆ ನನ್ನ ಹತ್ತಿರ ಕರ್ಕೊಂಡು ಬಂದೂ ಪ್ರಯೋಜನ ಇಲ್ಲ.” ಭಾವ ತಮ್ಮ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಕೂತಿದ್ದರು. ನಾನು ಹಿಂದೆ ನಿಂತಿದ್ದೆ. ಅವರ ಕಿವಿ ಕೆಂಪಾದದ್ದು ಕಂಡಿತು.

ಹಾಗಾಗಿ ಅಕ್ಕ ನನ್ನ ಮನೆಗೆ ಬಂದಳು. ನನ್ನ ಕೋಣೆಗಳಿಗೆ ಬಿಸಿನೀರಿನ ಕೊಳವೆಯ ಕಾವು, ಬೆಂಕಿಯ ಗೊಡವೆ ಇಲ್ಲ. ಚಿಮಣಿ ಸರಿಹೋಗುವ ತನಕ ಎಂದು ಮಾತಾಯಿತು. ಭಾವನ ಮನೆಗೂ ಕರೆಂಟಿನ ಹೀಟರು ತರಬಹುದಲ್ಲ ಎಂದು ನಾನು ಕೇಳದೆ ಇರಲಿಲ್ಲ. ಅದು ಹಳೆಯ ಕಲ್ಲಿನ ಮನೆ. ಅಂಥ ಒಂದನ್ನು ತಂದು ನೋಡಿದರು, ಎದುರಿಗೆ ಕೂತವರ ಮೊಣಕಾಲು ಕಾಯಿತೇ ಹೊರತು ಗೋಡೆಯ ತೇವ ಹಾಗೇ ಇತ್ತು. ಬೆಂಕಿಯೇ ಬೇಕು. ಬೆಂಕಿ ಬೇಕೆಂದರೆ ಚಿಮಣಿ ಎಳೆಯಬೇಕು. ಅವರ ಕಸುಬಿನಲ್ಲಿ ಹೊಗೆ ‘ಹೋಗುತ್ತದೆ’ ಎನ್ನುವುದಿಲ್ಲ, ಚಿಮಣಿ ‘ಎಳೆಯುತ್ತದೆ’ ಎನ್ನುತ್ತಾರೆ.

ಭಾವನಿಗೆ ಆಗ ಅರವತ್ತೊಂಬತ್ತು. ಬಲ ಮೊಣಕಾಲು ಹತ್ತುವಾಗ ಕಟಕಟ ಎನ್ನುತ್ತಿತ್ತು. ಆದರೂ ಬೇರೆ ಮೇಸ್ತ್ರಿಯನ್ನು ಕರೆಸಲು ಒಪ್ಪಲಿಲ್ಲ. “ನಾನು ಮಾಡಿಟ್ಟದ್ದು, ನಾನೇ ಬಿಡಿಸ್ತೀನಿ. ನೀನು ಕೆಳಗೆ ನಿಂತು ಬಕೆಟ್ಟು ತುಂಬಿಸು ಸೂಜಿ, ಅಷ್ಟು ಸಾಕು” ಎಂದರು. ದಿನವೂ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಹೋದೆ. ರಾಟೆಗೆ ಹಗ್ಗ, ಹಗ್ಗಕ್ಕೆ ಬಕೆಟ್ಟು, ಒಂದು ಸಲಕ್ಕೆ ಎಂಟು ಇಟ್ಟಿಗೆ. ಅವರು ಮೇಲೆ ಹಳೆಯ ಗಾರೆಯ ಮುಚ್ಚಳ ಒಡೆದು ತೆಗೆದು, ಒಳಗೆ ಸುಟ್ಟ ಮಣ್ಣಿನ ಕೊಳವೆಯ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ, ಸುತ್ತ ಇಟ್ಟಿಗೆ ಕಟ್ಟುತ್ತಾ ಬಂದರು. ಕೊಳವೆಯ ಅಗಲಬಾಯಿ ಮೇಲೆ ಬರಬೇಕು, ಮೇಲಿನ ತುಂಡು ಅದರೊಳಗೆ ಇಳಿಯಬೇಕು. ಹಾಗಿದ್ದರೆ ಮಸಿಯ ನೀರು ಒಳಗೊಳಗೇ ಇಳಿಯುತ್ತದೆ, ಗೋಡೆಗೆ ಸೋರುವುದಿಲ್ಲ. ಇದನ್ನು ನನಗೆ ಮೂರು ಸಲ ವಿವರಿಸಿದರು, ನಾನು ಮೊದಲ ಸಲಕ್ಕೇ ಅರ್ಥ ಮಾಡಿಕೊಂಡಿದ್ದೆ.

ಬೆಳೆಯುವ ಮಕ್ಕಳ ಬಟ್ಟೆ ಉದ್ದ ಮಾಡುವುದು ನನ್ನ ಅರ್ಧ ಸಂಪಾದನೆ. ಎಷ್ಟೇ ಹುಷಾರಾಗಿ ಹೊಲಿದರೂ ಹಳೆಯದು ಹೊಸದು ಸೇರುವ ಗೆರೆ ಕಂಡೇ ಕಾಣುತ್ತದೆ. ಭಾವನ ಕೆಲಸದಲ್ಲಿ ಆ ಗೆರೆ ಕಾಣಲಿಲ್ಲ. ಯಾವುದೋ ಕೆಡವಿದ ಗೋಡೆಯಿಂದ ಹಳೆಯ ಇಟ್ಟಿಗೆ ಆರಿಸಿ ತಂದು, ಬಣ್ಣ ಹೊಂದಿಸಿ ಕಟ್ಟಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹತ್ತು ದಿನದಲ್ಲಿ ಚಿಮಣಿ ಏಳಡಿ ಏರಿತು. ಕಬ್ಬಿಣದ ಪಟ್ಟಿ ಸುತ್ತಿ, ಎರಡು ಸರಳುಗಳಿಂದ ಛಾವಣಿಗೆ ಬಿಗಿದರು. ಬೀದಿಯಲ್ಲಿ ಹೋಗುವವರು ನಿಂತು ನೋಡಿ, ಹನುಮಂತನ ಬಾಲ ಬೆಳೀತಾ ಇದೆ ಎಂದು ನಗುತ್ತಿದ್ದರು. ಗಾರೆಗೆ ಗೋಣಿತಾಟು ಹೊದಿಸಿ ಮೂರು ವಾರ ಒಣಗಲು ಬಿಟ್ಟರು.

ಆ ಮೂರು ವಾರ ಭಾವ ಸುಮ್ಮನೆ ಕೂರಲಿಲ್ಲ. ಚಳಿಯೂ ಮುಟ್ಟಬಾರದು ಎಂದಿದ್ದರಲ್ಲ ವೈದ್ಯೆ, ಅದು ಅವರ ತಲೆಯಲ್ಲಿ ಕೂತಿತ್ತು. ಕಿಟಕಿಗಳ ಅಂಚಿಗೆಲ್ಲ ರಬ್ಬರಿನ ಪಟ್ಟಿ ಅಂಟಿಸಿದರು. ಬಾಗಿಲ ಅಡಿಗೆ ಕಂಬಳಿಯ ತುಂಡು ಬಡಿದರು. ನನ್ನ ಹತ್ತಿರ ಬಂದು ಚಿಂದಿಯ ಚೀಲ ಕೇಳಿ ಒಯ್ದು, ನೆಲದ ಹಲಗೆಗಳ ಸಂದಿಯಲ್ಲಿ ಚೂರಿಯ ತುದಿಯಿಂದ ತುರುಕಿದರು. ಬೀಗದ ಕಿಂಡಿಗೂ ಒಂದು ಚೂರು. ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಲು ಬಾರದ ಗಂಡಸು ಅದನ್ನೆಲ್ಲ ಮೊಣಕಾಲೂರಿ ಕೂತು ಮಾಡಿದ್ದನ್ನು ನೋಡಿ ನನಗೆ ಮೊದಲ ಬಾರಿಗೆ ಅವರ ಮೇಲೆ ಅಕ್ಕರೆ ಹುಟ್ಟಿತು. ಚಿಂದಿ ಸಾಲದೆ ಬಂದಾಗ ನಾನೇ ಇನ್ನೊಂದು ಚೀಲ ಕೊಟ್ಟೆ.

ಈಗ ನನ್ನ ಮನೆಯ ಸಂಗತಿ ಹೇಳಬೇಕು. ಅದನ್ನು ಬಿಟ್ಟು ಬರೆದರೆ ಇದೆಲ್ಲ ಸುಳ್ಳಾಗುತ್ತದೆ. ಅಕ್ಕ ಬಂದು ಎರಡು ತಿಂಗಳಾಗಿತ್ತು. ಬೆಳಿಗ್ಗೆ ನಾನು ಏಳುವಾಗ ಪಕ್ಕದ ಮಂಚದಲ್ಲಿ ಒಬ್ಬಳು ಮಗ್ಗುಲು ಬದಲಿಸುವ ಸದ್ದು. ಮಿಷನ್ನು ನಿಲ್ಲಿಸಿದರೆ ಮಾತಾಡಲು ಒಬ್ಬಳು. ಅಕ್ಕ ಗುಂಡಿ ಹೊಲಿದುಕೊಡುತ್ತಿದ್ದಳು, ಗಿರಾಕಿಗಳು ಹೋದ ಮೇಲೆ ಅವರನ್ನು ಅಣಕಿಸಿ ನನ್ನನ್ನು ನಗಿಸುತ್ತಿದ್ದಳು. ಮೂವತ್ತೆಂಟು ವರ್ಷ ನಾನು ಒಬ್ಬಳೇ ಇದ್ದೆ. ಒಂಟಿತನ ಎಂದರೇನು ಎಂದು ಅಷ್ಟು ವರ್ಷ ತಿಳಿದಿರಲಿಲ್ಲ, ಅವಳು ಬಂದ ಮೇಲೆ ತಿಳಿಯಿತು. ಭಾವ ಸಂಜೆ ಬಂದು ಕುರ್ಚಿಯ ಅಂಚಿನಲ್ಲಿ ಕೂತು, “ಇನ್ನೇನು, ಆಗೋಯ್ತು” ಎಂದು ಹೇಳಿ ಹೋದಾಗ ಅಕ್ಕನ ಮುಖ ಅರಳುತ್ತಿತ್ತು. ನನ್ನ ಮುಖವನ್ನು ನಾನು ನೋಡಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಬಂತು. ಮೂರು ವಾರ ಕಳೆದಿತ್ತು, ಮಧ್ಯಾಹ್ನದ ಬಿಸಿಲು, ಸ್ವಲ್ಪ ಗಾಳಿ. ಭಾವ ಮೇಲೆ ಹತ್ತಿ ಚಿಮಣಿಯ ಬಾಯಿಯ ಹತ್ತಿರ ನಿಂತರು. ಕೆಳಗೆ ಬೆಂಕಿ ಹಚ್ಚುವ ಕೆಲಸ ನನ್ನದು. ಎರಡೂ ಕೈಯಲ್ಲಿ ಸೌದೆ ಹಿಡಿದು ಬಂದವಳು ಬಾಗಿಲನ್ನು ತೆರೆದೇ ಬಿಟ್ಟು ಹೋಗಿ ಹಚ್ಚಿದೆ. ಹೊಗೆ ಒಂದು ಕ್ಷಣ ತಡವರಿಸಿ, ಆಮೇಲೆ ಯಾರೋ ದಾರ ಹಿಡಿದು ಎಳೆದ ಹಾಗೆ ಸುರ್ರನೆ ಮೇಲಕ್ಕೆ ಹೋಯಿತು. ಏಳಡಿಯ ಮಹಿಮೆ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಬೆನ್ನಿಗೆ ಚಳಿಯಾಯಿತೆಂದು ಎದ್ದು ಬಾಗಿಲು ಹಾಕಿ ಬಂದೆ. ಎರಡು ನಿಮಿಷ ಆಗಿರಬಹುದು. ಹೊಗೆ ನಿಧಾನವಾಯಿತು, ನಿಂತಿತು, ಅಗ್ಗಿಷ್ಟಿಕೆಯ ಹಣೆಗೆ ಮುಟ್ಟಿ ಕೋಣೆಯೊಳಕ್ಕೆ ಉರುಳಿತು. ಕಣ್ಣುರಿದು ಬಾಗಿಲು ತೆರೆದೆ. ಮತ್ತೆ ಮೇಲಕ್ಕೆ ಹೋಯಿತು. ಹಾಕಿದೆ, ಒಳಕ್ಕೆ ಬಂತು. ತೆರೆದೆ, ಹೋಯಿತು. ಹೊಲಿಗೆಯವಳಿಗೂ ಅರ್ಥವಾಗುವ ಸಂಗತಿ ಅದು. ಭಾವ ಮನೆಯ ಸಂದುಗೊಂದಿಯನ್ನೆಲ್ಲ ಮುಚ್ಚಿದ್ದರು. ಒಳಗೆ ಬರಲು ಗಾಳಿಗೆ ದಾರಿಯೇ ಇರಲಿಲ್ಲ, ಬರದ ಗಾಳಿಯನ್ನು ಚಿಮಣಿ ಎಲ್ಲಿಂದ ಎಳೆಯಬೇಕು? ಒಂದು ಕಿಟಕಿಯ ರಬ್ಬರು ಕಿತ್ತರೆ ಸಾಕಿತ್ತು.

ಆಗ ಮೇಲಿನಿಂದ ಕೂಗಿದರು: “ಏ ಸೂಜೀ! ಎಳೀತಿದ್ಯಾ?”

ಬಾಗಿಲು ತೆರೆದಿತ್ತು. ಹೊಗೆ ನೆಟ್ಟಗೆ ಏರುತ್ತಿತ್ತು. ನನ್ನ ಕಣ್ಣಿಗೆ ಕಟ್ಟಿದ್ದು ಮಾತ್ರ ನನ್ನ ಕೋಣೆಯಲ್ಲಿ ಖಾಲಿಯಾಗಲಿದ್ದ ಅಕ್ಕನ ಮಂಚ. ಕಾಲಿನಿಂದ ಬಾಗಿಲನ್ನು ನೂಕಿ ಹಾಕಿ ಕೂಗಿದೆ: “ಇಲ್ಲ ಭಾವ! ಎಳೀತಿಲ್ಲ!”

ಒಮ್ಮೆ ಹೇಳಿದ್ದನ್ನು ಮರುದಿನ ಉಳಿಸಿಕೊಳ್ಳಬೇಕಾಯಿತು. ಭಾವ ದಿನವೂ ಹತ್ತಿದರು. ಒಂದು ದಿನ ಮುಚ್ಚಳ ಬದಲಿಸಿದರು, ಇನ್ನೊಂದು ದಿನ ಬ್ರಷ್ಷು ಇಳಿಬಿಟ್ಟು ಕೊಳವೆ ಉಜ್ಜಿದರು, ಮತ್ತೊಂದು ದಿನ ನೂಲುಗುಂಡು ಬಿಟ್ಟು ಸೊಟ್ಟ ಇದೆಯೇ ನೋಡಿದರು. ನಾನು ದಿನವೂ ಕೆಳಗೆ ನಿಂತು ಇಲ್ಲ ಎಂದೆ. ಇನ್ನು ಎರಡು ದಿನ ಮಾತ್ರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಕಳ್ಳರೂ ಹೀಗೇ ಹೇಳಿಕೊಳ್ಳುತ್ತಾರೇನೋ. ಸಂಜೆ ಮನೆಗೆ ಬಂದರೆ ಅಕ್ಕ ಕೇಳುವಳು: “ಏನಂತೆ?” ನಾನು ತಲೆಯಾಡಿಸುತ್ತಿದ್ದೆ. ಅವಳು ಗುಂಡಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ಆಮೇಲಾಮೇಲೆ ಅಣಕಿಸುವುದನ್ನು ಬಿಟ್ಟಳು.

ಹನ್ನೊಂದನೆಯ ದಿನ ನಾನು ಹೋದಾಗ ಭಾವ ಮತ್ತೆ ಗಾರೆ ಕಲಸಿಕೊಂಡಿದ್ದರು. “ಇನ್ನೂ ಮೂರಡಿ ಏರಿಸ್ತೀನಿ” ಎಂದರು. ಮಲಗಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ ಅದು. ಗಾಳಿ ಜೋರಾಗಿತ್ತು. ಬೇಡ ಎಂದೆ, ಕೇಳಲಿಲ್ಲ. ಎರಡನೆಯ ಬಕೆಟ್ಟು ಎಳೆದುಕೊಳ್ಳುವಾಗ ಅವರ ಬಲ ಮೊಣಕಾಲು ಕೈಕೊಟ್ಟಿತು. ಕಾಲ ಕೆಳಗಿನ ಹೆಂಚು ಜಾರಿ, ಒಂದು ಇಟ್ಟಿಗೆ ಉರುಳಿ, ನನ್ನ ಪಕ್ಕದಲ್ಲೇ ಬಿದ್ದು ಎರಡು ಹೋಳಾಯಿತು. ಕತ್ತೆತ್ತಿದರೆ ಭಾವ ಎರಡೂ ತೋಳಿನಿಂದ ಚಿಮಣಿಯನ್ನು ಅಪ್ಪಿಕೊಂಡಿದ್ದರು, ಕಾಲು ಆಧಾರ ಹುಡುಕುತ್ತಿತ್ತು. ಹುಡುಕಿ ಸಿಕ್ಕಿತು. ನಾನು ಹಗ್ಗ ಬಿಟ್ಟು ಕೂಗಿದೆ:

“ಭಾವ, ಇಳೀರಿ! ನಿಮ್ಮ ಕಾಲು ಹಿಡ್ಕೋತೀನಿ, ಇಳೀರಿ! ಚಿಮಣಿ ಎಳೆಯುತ್ತೆ!”

ಅವರು ಇಳಿದು ಬರಲು ಬಹಳ ಹೊತ್ತು ಹಿಡಿಯಿತು. ನಾನು ಒಳಗೆ ಹೋಗಿ ಬೆಂಕಿ ಹಚ್ಚಿ, ಬಾಗಿಲು ಹಾಕಿ ತೋರಿಸಿದೆ, ತೆರೆದು ತೋರಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ನಲವತ್ತು ವರ್ಷ ಬೇರೆಯವರ ಮನೆಗೆ ಹೋದಾಗಲೆಲ್ಲ ಮೊದಲು ಕಿಟಕಿ ತೆರೆದು ನೋಡಿದ ಮನುಷ್ಯ ಅವರು. ತಮ್ಮ ಮನೆಯಲ್ಲಿ ಮಾತ್ರ ಅದು ಹೊಳೆದಿರಲಿಲ್ಲ, ಏಕೆಂದರೆ ಮುಚ್ಚುವಾಗ ಅವರು ಮೇಸ್ತ್ರಿಯಾಗಿ ಮುಚ್ಚಿರಲಿಲ್ಲ.

“ಮೊದಲ ದಿನವೇ ನನಗೆ ಗೊತ್ತಾಗಿತ್ತು” ಎಂದೆ. “ಸುಳ್ಳು ಹೇಳ್ದೆ. ಅಕ್ಕ ಹೋಗ್ಬಿಡ್ತಾಳೆ ಅಂತ.” ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಅಳು ಬಂತು. ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಭಾವ ಸ್ಟೂಲಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಂಡರು. “ಗೊತ್ತು” ಎಂದರು. “ಆ ದಿನ ಮೇಲೆ ಹೊಗೆ ನನ್ನ ಮುಖಕ್ಕೇ ಹೊಡೀತಿತ್ತು. ನೀನು ಕೆಳಗಿಂದ ಇಲ್ಲ ಅಂದೆ.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಏನಂತ ಕೇಳ್ಲಿ? ಸಂಜೆ ನೀನು ಹೋದ್ಮೇಲೆ ನಾನೇ ಹಚ್ಚಿ ನೋಡ್ದೆ. ಮನೆ ತುಂಬಾ ಹೊಗೆ. ಹಗಲು ಎಳೆಯುತ್ತೆ, ಸಂಜೆ ಎಳೆಯಲ್ಲ, ಗಾಳಿ ದಿಕ್ಕು ಬದಲಾಗುತ್ತೇನೋ, ಇನ್ನೂ ಎತ್ತರ ಬೇಕು ಅಂದ್ಕೊಂಡೆ. ನಿನ್ನ ಸುಳ್ಳು…” ಅವರು ಮೊಣಕಾಲ ಮೇಲಿನ ಗಾರೆಯ ಪುಡಿ ಕೊಡವಿದರು. “ಎರಡು ಚಳಿಗಾಲ ಅವಳನ್ನ ಕೆಮ್ಮಿಸಿದವನು ನಾನು. ಹನ್ನೊಂದು ದಿನ ಸುಳ್ಳು ಹೇಳಿದವಳು ನೀನು. ಯಾರು ಯಾರನ್ನ ಬೈಯೋದು, ಹೇಳು?”

ಇಷ್ಟು ವರ್ಷ ಈ ಮನುಷ್ಯನನ್ನು ಮೊಂಡ, ಕಲ್ಲು, ಗಾರೆ ಎಂದೆಲ್ಲ ಆಡಿಕೊಂಡಿದ್ದೆ. ಅದಕ್ಕೂ ಸೇರಿಸಿ ನಾಚಿಕೆಯಾಯಿತು. ಅವರು ಚೂರಿ ತೆಗೆದು ಕಿಟಕಿಯ ರಬ್ಬರು ಕೀಳತೊಡಗಿದರು. “ಈ ತುದಿ ಹಿಡ್ಕೋ” ಎಂದರು, ಹಿಡಿದುಕೊಂಡೆ. ಮರುದಿನ ಗೋಡೆಯ ಬುಡದಲ್ಲಿ ಒಂದು ತೂತು ಕೊರೆದು, ಹೊರಗಿನ ಗಾಳಿ ನೇರವಾಗಿ ಬೆಂಕಿಯ ಹತ್ತಿರಕ್ಕೆ ಬರುವಂತೆ ಕೊಳವೆ ಇಟ್ಟರು. ಅಕ್ಕನ ಕುರ್ಚಿಗೆ ಅದರ ಚಳಿ ತಾಗದ ಹಾಗೆ ಜಾಗ ನೋಡಿ ಇಟ್ಟರು. ಆಮೇಲೆ ಕಿಟಕಿ ಬಾಗಿಲು ಎಲ್ಲ ಹಾಕಿ, ಇಬ್ಬರೂ ಒಂದು ಗಂಟೆ ಕೂತು ನೋಡಿದೆವು. ಹೊಗೆ ಒಳಗೆ ಬರಲಿಲ್ಲ.

“ನೀನೇ ಕರ್ಕೊಂಡು ಬಾ” ಎಂದರು ಭಾವ. “ನಾನು ಕರೆದ್ರೆ ಅವಳು ನಿನ್ನ ಮುಖ ನೋಡಿ ಇನ್ನೊಂದು ವಾರ ಅಂತಾಳೆ.”

ಅಕ್ಕನ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ. ಮಂಚವನ್ನು ಮಡಚಿ ಗೋಡೆಗೆ ಒರಗಿಸಿದೆ. ಅವಳು ಮೆಟ್ಟಿಲು ಇಳಿಯುವಾಗ ನನ್ನ ಭುಜ ಹಿಡಿದುಕೊಂಡಳು, ಬೀದಿಯುದ್ದಕ್ಕೂ ಬಿಡಲಿಲ್ಲ. ಮನೆಯ ಮುಂದೆ ನಿಂತು ಕತ್ತೆತ್ತಿ ನೋಡಿದಳು. “ಅಯ್ಯೋ, ಮೂಗಿಗಿಂತ ಮೂಗುತಿ ಭಾರ ಆಯ್ತಲ್ರೀ” ಎಂದಳು. ಒಳಗೆ ಬಂದು ಬೆಂಕಿಯ ಮುಂದೆ ಕೂತು ಒಂದು ಸಲ ಮೂಗಿನಿಂದ ಗಾಳಿ ಎಳೆದು ನೋಡಿದಳು, ಇನ್ನೊಂದು ಸಲ ಜೋರಾಗಿ ಎಳೆದಳು. ಆಮೇಲೆ ಕೇಳಿದಳು: “ಇಷ್ಟೇ ಕೆಲಸಕ್ಕೆ ಇಷ್ಟು ದಿನ ಯಾಕಾಯ್ತು? ಏಳಡಿ ಏರಿಸಿ ಒಣಗಿಸಿ ಎಷ್ಟು ದಿನ ಆಯ್ತು?”

ನಾನು ಬಾಯಿ ತೆರೆದೆ. ಭಾವ ನನ್ನ ಕಡೆ ನೋಡಲಿಲ್ಲ. ಸೌದೆಯನ್ನು ಇಕ್ಕಳದಿಂದ ಸರಿಸುತ್ತಾ, “ಕಿಟಕಿಯೆಲ್ಲ ಮುಚ್ಚಿಟ್ಟು ಮರೆತುಬಿಟ್ಟಿದ್ದೆ ಕಣೆ. ಗಾಳಿಗೆ ದಾರಿ ಬಿಟ್ಟಿರ್ಲಿಲ್ಲ. ತಪ್ಪು ನಂದೇ” ಎಂದರು.

ಅಕ್ಕ ಒಂದು ಕ್ಷಣ ದಂಗಾಗಿ ಅವರನ್ನೇ ನೋಡಿದಳು. ಆಮೇಲೆ ಶುರುಮಾಡಿದಳು. ಊರಿಗೆಲ್ಲ ಬುದ್ಧಿ ಹೇಳೋ ಮೇಸ್ತ್ರಿ, ಸ್ವಂತ ಮನೆಗೆ ಉಸಿರಾಡೋಕೆ ಕಿಂಡಿ ಬಿಡೋದು ಗೊತ್ತಾಗ್ಲಿಲ್ವಾ, ಪಾಪ ನನ್ನ ತಂಗಿ ಅಂಗಡಿಗೆ ಬೀಗ ಹಾಕ್ಕೊಂಡು ದಿನಾ ಬಂದು ಬಿಸಿಲಲ್ಲಿ ನಿಂತ್ಲು, ಆ ವಯಸ್ಸಿಗೆ ಛಾವಣಿ ಹತ್ತಿ ಕುಣಿಯೋದಕ್ಕೆ ನಿಮಗೆ ಹೇಳಿದವರು ಯಾರು ಎಂದು, ಎರಡು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಬೈದಳು. ಭಾವ ತಲೆ ತಗ್ಗಿಸಿಕೊಂಡು ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಅಕ್ಕ ಕಾಲು ಗಂಟೆ ಬೈದಳು, ಒಂದು ಸಲವೂ ಕೆಮ್ಮಲಿಲ್ಲ.